ಓದುಗರ ಪ್ರಶ್ನೆ, ನಮ್ಮ ಉತ್ತರ: ಎಂಎಚ್ 370 ಇನ್ನೂ ಯಾಕೆ ಸಿಕ್ಕಿಲ್ಲ?

2014ರ ಮಾರ್ಚ್ 8ರ ನಡುರಾತ್ರಿ ಕ್ವಾಲಾಲಂಪುರದಿಂದ ಬೀಜಿಂಗಿಗೆ ಹೊರಟ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್ 370 ಸಂಖ್ಯೆಯ ಬೋಯಿಂಗ್ 777 ವಿಮಾನ 239 ಜನರ ಸಮೇತ ಕಾಣೆಯಾಯಿತು. ಅವರಲ್ಲಿ ಐವರು ಭಾರತೀಯರು. ಈ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಕೇಳಿದ್ದಕ್ಕೆ ಕೊಡಗಿನ ಓದುಗರಿಂದ ಬಂದ ಪತ್ರಗಳಲ್ಲಿ ಆಯ್ದವಕ್ಕೆ ಇಲ್ಲಿ ಉತ್ತರವಿದೆ. ಬರ್ಮುಡಾ ತ್ರಿಕೋನ, ಅನ್ಯಗ್ರಹದವರು, ಗುಪ್ತ ದ್ವೀಪ ಎಂದೆಲ್ಲ ಕೇಳಿದ ಪತ್ರಗಳನ್ನು ಬದಿಗಿಟ್ಟಿದ್ದೇವೆ. ಅಂಥ ಮಾತಿಗೆ ಒಂದು ಚೂರು ಆಧಾರವೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಆ ವಿಮಾನದಲ್ಲಿದ್ದವರ ಮನೆಮಂದಿ ಇವತ್ತಿಗೂ ಕಾಯುತ್ತಿದ್ದಾರೆ.

ನಮ್ಮ ಮನೆ ಮೇಲೆ ಹಾರುವ ವಿಮಾನದ ಹೆಸರು, ಎತ್ತರ, ವೇಗ ಎಲ್ಲ ಮೊಬೈಲ್ ಆ್ಯಪ್‌ನಲ್ಲಿ ಕಾಣುತ್ತದೆ. ಹಾಗಿರುವಾಗ 60 ಮೀಟರ್ ಉದ್ದದ ವಿಮಾನ ಕಾಣೆಯಾಗುವುದು ಹೇಗೆ?
*ಪದವಿ ವಿದ್ಯಾರ್ಥಿ, ಮಡಿಕೇರಿ*

ಆ್ಯಪ್ ವಿಮಾನವನ್ನು ನೋಡುವುದಿಲ್ಲ, ವಿಮಾನ ಹೇಳಿದ್ದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ವಿಮಾನದ ಟ್ರಾನ್ಸ್‌ಪಾಂಡರ್ 1090 ಮೆಗಾಹರ್ಟ್ಸ್ ತರಂಗದಲ್ಲಿ ತನ್ನ ಗುರುತು, ಸ್ಥಾನ, ಎತ್ತರಗಳನ್ನು ಸಾರುತ್ತಾ ಹೋಗುತ್ತದೆ. ನೆಲದ ಮೇಲೆ ಯಾರೋ ಇಟ್ಟ ರಿಸೀವರ್ ಅದನ್ನು ಹಿಡಿದು ಇಂಟರ್ನೆಟ್‌ಗೆ ಹಾಕುತ್ತದೆ. ಈ ತರಂಗ ನೇರ ದೃಷ್ಟಿಯಲ್ಲಿ ಮಾತ್ರ ಸಾಗುತ್ತದೆ, ಭೂಮಿಯ ಬಾಗು ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಸಮುದ್ರಮಟ್ಟದ ರಿಸೀವರ್‌ಗೆ 35,000 ಅಡಿ ಎತ್ತರದ ವಿಮಾನ ಸುಮಾರು 425 ಕಿ.ಮೀ.ವರೆಗೆ ಕೇಳಿಸುತ್ತದೆ. ಸಾವಿರದ ನೂರು ಮೀಟರಿಗೂ ಎತ್ತರದ ಮಡಿಕೇರಿಯಲ್ಲಿ ಬೆಟ್ಟ ಅಡ್ಡ ಬರದ ದಿಕ್ಕಿನಲ್ಲಿ ಲೆಕ್ಕದ ಪ್ರಕಾರ 550 ಕಿ.ಮೀ. ದಾಟುತ್ತದೆ. ನಿಮಗೆ ಅರಬ್ಬಿ ಸಮುದ್ರದ ಮೇಲಿನ ವಿಮಾನವೂ ಕಾಣುವುದು ಅದಕ್ಕೇ. ನಡುಸಮುದ್ರದಲ್ಲಿ ಕೇಳಿಸಿಕೊಳ್ಳಲು ನೆಲವೇ ಇಲ್ಲ.

ಈಗ ಆ ರಾತ್ರಿಯ ಸಂಗತಿ. ಸಮಯಗಳೆಲ್ಲ ಮಲೇಷ್ಯಾದವು, ನಮ್ಮ ಗಡಿಯಾರಕ್ಕೆ ಎರಡೂವರೆ ಗಂಟೆ ಕಳೆಯಿರಿ. ವಿಮಾನ 12.42ಕ್ಕೆ ಏರಿತು. 1.19ಕ್ಕೆ ಮಲೇಷ್ಯಾ ನಿಯಂತ್ರಣ ಕೇಂದ್ರಕ್ಕೆ ‘ಗುಡ್ ನೈಟ್’ ಹೇಳಿತು, ಮುಂದೆ ವಿಯೆಟ್ನಾಂನ ಹೋ ಚಿ ಮಿನ್ ಕೇಂದ್ರವನ್ನು ಸಂಪರ್ಕಿಸಬೇಕಿತ್ತು. ಎರಡು ದೇಶಗಳ ವಾಯುಸೀಮೆ ಕೂಡುವಲ್ಲಿ ಇಗಾರಿ ಎಂಬ ಗುರುತುಬಿಂದು ಇದೆ. ಅದನ್ನು ದಾಟಿದ ನಿಮಿಷದೊಳಗೆ, 1.21ಕ್ಕೆ, ಟ್ರಾನ್ಸ್‌ಪಾಂಡರ್ ನಿಂತಿತು. ಪೈಲಟ್‌ಗಳ ನಡುವಿನ ಫಲಕದಲ್ಲಿ ಅದಕ್ಕೊಂದು ತಿರುಗುಗುಂಡಿ ಇರುತ್ತದೆ, ಕೈಯಿಂದಲೇ ಆರಿಸಬಹುದು. ವಿದ್ಯುತ್ ಕಡಿದರೂ ನಿಲ್ಲುತ್ತದೆ. ಎರಡರಲ್ಲಿ ಯಾವುದು ಎಂಬುದಕ್ಕೆ ಸಾಕ್ಷ್ಯವಿಲ್ಲ.

ಮುಂದಿನ ತಪ್ಪುಗಳು ಯಂತ್ರದ್ದಲ್ಲ, ವ್ಯವಸ್ಥೆಯವು. ವಿಮಾನ ಸಂಪರ್ಕಕ್ಕೆ ಬರದಿದ್ದರೆ ಐದು ನಿಮಿಷದೊಳಗೆ ಆಚೆ ಕೇಂದ್ರವನ್ನು ವಿಚಾರಿಸಬೇಕು. ಹೋ ಚಿ ಮಿನ್ ಕೇಂದ್ರ ವಿಚಾರಿಸಿದ್ದು 1.39ಕ್ಕೆ. ತುರ್ತು ಶೋಧದ ಘೋಷಣೆ ಹೊರಬಿದ್ದದ್ದು ಬೆಳಗಿನ ಐದೂವರೆ ಕಳೆದ ಮೇಲೆ. ಅಷ್ಟರಲ್ಲಿ ವಿಮಾನ ಹಿಂದಕ್ಕೆ ತಿರುಗಿ, ಮಲಯ ಪರ್ಯಾಯದ್ವೀಪವನ್ನು ಅಡ್ಡ ಹಾಯ್ದು, ಪೆನಾಂಗ್ ಬಳಸಿ ಮಲಕ್ಕಾ ಜಲಸಂಧಿಗೆ ಬಂದಿತ್ತು. ಮಲೇಷ್ಯಾದ ಸೇನಾ ರೇಡಾರ್‌ನಲ್ಲಿ ಇದು ಮೂಡಿತ್ತು, ಏಕೆಂದರೆ ಆ ರೇಡಾರ್ ತಾನೇ ಅಲೆ ಎಸೆದು ಪ್ರತಿಫಲನ ಹಿಡಿಯುತ್ತದೆ, ಟ್ರಾನ್ಸ್‌ಪಾಂಡರ್ ಬೇಕಿಲ್ಲ. ಆದರೆ ಅಪಾಯವಲ್ಲದ ವಿಮಾನವೆಂದು ಬಗೆದು ಯಾರೂ ಬೆನ್ನಟ್ಟಲಿಲ್ಲ. 2.22ಕ್ಕೆ ಆ ರೇಡಾರ್‌ನಿಂದಲೂ ಮರೆಯಾಯಿತು. ಮೊದಲ ವಾರ ಹಡಗುಗಳ ದೊಡ್ಡ ಪಾಲು ತಡಕಾಡಿದ್ದು ದಕ್ಷಿಣ ಚೀನಾ ಸಮುದ್ರದಲ್ಲಿ, ಅಂದರೆ ವಿಮಾನ ಬಿಟ್ಟುಹೋದ ದಿಕ್ಕಿನಲ್ಲಿ. ತೇಲುವ ಚೂರುಗಳನ್ನು ಆರಿಸಿಕೊಳ್ಳಬಹುದಾಗಿದ್ದ ದಿನಗಳು ಅವು. ಇಡೀ ಪ್ರಕರಣದ ಅತಿ ದುಬಾರಿ ನಷ್ಟ ಅದೇ ಎಂದು ನಮ್ಮ ಅಭಿಪ್ರಾಯ.

ರೇಡಾರ್ ತಪ್ಪಿದ ಮೇಲೂ ಆರು ಗಂಟೆ ಹಾರಿತು, ದಕ್ಷಿಣಕ್ಕೇ ಹೋಯಿತು ಎನ್ನುತ್ತಾರೆ. ಉಪಗ್ರಹ ಸ್ಥಳ ತಿಳಿಸಲಿಲ್ಲ ಎಂದೂ ಹೇಳುತ್ತಾರೆ. ಹಾಗಾದರೆ ಲೆಕ್ಕ ಹಾಕಿದ್ದು ಹೇಗೆ? ‘ಏಳನೆಯ ಕಮಾನು’ ಎಂದರೇನು?
*ಭೌತಶಾಸ್ತ್ರ ಉಪನ್ಯಾಸಕಿ, ಗೋಣಿಕೊಪ್ಪಲು*

ನಿಮ್ಮ ತರಗತಿಯಲ್ಲಿ ಪಾಠ ಮಾಡಲು ತಕ್ಕ ವಿಷಯ ಇದು, ಹಾಗಾಗಿ ತುಸು ವಿಸ್ತಾರವಾಗಿ ಹೇಳುತ್ತೇವೆ.

ವಿಮಾನದಲ್ಲಿ ಇನ್ಮಾರ್‌ಸ್ಯಾಟ್ ಉಪಗ್ರಹದ ಜತೆ ಮಾತಾಡುವ ಪೆಟ್ಟಿಗೆ ಇತ್ತು. ಅದು ಬಳಸುತ್ತಿದ್ದ ಉಪಗ್ರಹ ಹಿಂದೂ ಮಹಾಸಾಗರದ ಮೇಲೆ, 64.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿತ್ತು. ಅದರ ನೆಲದ ಕೇಂದ್ರ ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಒಂದು ಗಂಟೆ ಕಾಲ ವಿಮಾನದಿಂದ ಯಾವ ಸಂದೇಶವೂ ಬಾರದಿದ್ದರೆ ‘ಇದ್ದೀಯಾ?’ ಎಂದು ಕೇಂದ್ರ ತಾನಾಗಿ ಕೇಳುತ್ತದೆ. ಪೆಟ್ಟಿಗೆ ತಾನಾಗಿ ‘ಇದ್ದೇನೆ’ ಎನ್ನುತ್ತದೆ. ಪೈಲಟ್‌ಗೆ ಇದು ಗೊತ್ತೂ ಆಗದು. ಆ ಉತ್ತರದಲ್ಲಿ ಅಕ್ಷಾಂಶ, ರೇಖಾಂಶ ಏನೂ ಇಲ್ಲ. ಆದರೆ ಉತ್ತರ ಬರಲು ಹಿಡಿದ ಸಮಯವನ್ನೂ ಅದರ ಆವರ್ತನವನ್ನೂ ಕೇಂದ್ರ ಬರೆದಿಟ್ಟುಕೊಂಡಿತ್ತು.

ಮೊದಲು ಸಮಯ. ಪುತ್ತರಿಯಂದು ಕದಿರು ತೆಗೆಯುವ ಮುಹೂರ್ತ ಮೊದಲೇ ನಿಗದಿಯಾಗಿರುತ್ತದೆ. ಆ ಗಳಿಗೆಗೆ ಸರಿಯಾಗಿ ಎಲ್ಲೋ ಒಂದು ಕುಶಾಲತೋಪು ಸಿಡಿಯಿತು, ಸದ್ದು ನಿಮಗೆ ಆರು ಸೆಕೆಂಡು ತಡವಾಗಿ ಕೇಳಿತು ಎನ್ನಿ. ಎರಡು ಕಿ.ಮೀ. ದೂರ ಎಂದು ತಕ್ಷಣ ಹೇಳಬಹುದು, ಯಾವ ಗದ್ದೆ ಎಂದು ಹೇಳಲಾಗದು. ನಿಮ್ಮನ್ನು ನಡುವಿಟ್ಟು ಎರಡು ಕಿ.ಮೀ. ಉದ್ದದ ಹಗ್ಗದಲ್ಲಿ ವೃತ್ತ ಎಳೆದರೆ ತೋಪು ಆ ಗೆರೆಯ ಮೇಲೆ ಎಲ್ಲೋ ಇದೆ. ಉಪಗ್ರಹದ ಲೆಕ್ಕವೂ ಹೀಗೇ, ಸದ್ದಿನ ಬದಲು ಬೆಳಕಿನ ವೇಗ. ಒಂದು ಮೈಕ್ರೊಸೆಕೆಂಡಿನಲ್ಲಿ ರೇಡಿಯೊ ತರಂಗ 300 ಮೀಟರ್ ಸಾಗುತ್ತದೆ. ಹೋಗಿಬರುವ ದಾರಿಯಾದ್ದರಿಂದ ಒಂದು ಮೈಕ್ರೊಸೆಕೆಂಡಿನ ವ್ಯತ್ಯಾಸ 150 ಮೀಟರ್ ದೂರಕ್ಕೆ ಸಮ. ಪೆಟ್ಟಿಗೆಯೊಳಗೆ ಆಗುವ ವಿಳಂಬವನ್ನು ಕಳೆಯಬೇಕು. ಅದನ್ನು ಪಡೆದದ್ದು ವಿಮಾನ ಕ್ವಾಲಾಲಂಪುರ ನಿಲ್ದಾಣದಲ್ಲಿ ನಿಂತಿದ್ದಾಗಿನ ದಾಖಲೆಯಿಂದ. ಆಗ ಅದರ ಸ್ಥಾನ ಖಚಿತವಾಗಿ ಗೊತ್ತಿತ್ತಲ್ಲ! ಹೀಗೆ ಬಂದ ವೃತ್ತದ ನಿಖರತೆ ಸುಮಾರು 10 ಕಿ.ಮೀ. ವಿಮಾನದ ವೇಗ, ಇಂಧನಗಳ ಮಿತಿ ಹಾಕಿದಾಗ ಪೂರ್ಣ ವೃತ್ತ ಉಳಿಯದೆ ಬಿಲ್ಲಿನಂಥ ತುಂಡು ಉಳಿಯುತ್ತದೆ. ಅದೇ ಕಮಾನು. 2.25ರಿಂದ ಬೆಳಗಿನ 8.19ರವರೆಗೆ ಇಂಥ ಏಳು ಸಿಕ್ಕವು. ಕೊನೆಯದೇ ಏಳನೆಯದು.

ಈ ಕಮಾನುಗಳ ಒಂದು ತುದಿ ಮಧ್ಯ ಏಷ್ಯಾದತ್ತ, ಇನ್ನೊಂದು ತುದಿ ದಕ್ಷಿಣದ ಸಾಗರದತ್ತ. ಸಮಯದ ಲೆಕ್ಕವೊಂದರಿಂದ ಇವೆರಡರಲ್ಲಿ ಆಯ್ಕೆ ಮಾಡಲಾಗದು. ಅಲ್ಲಿ ನೆರವಾದದ್ದು ಆವರ್ತನ. ಡಾಪ್ಲರ್ ಪರಿಣಾಮದಿಂದ (ತರಂಗ ಬಿಡುವ ವಸ್ತು ಚಲಿಸುವಾಗ ಆವರ್ತನ ಬದಲಾಗುವುದು) ಆವರ್ತನ ಸರಿಯಬಾರದೆಂದು ವಿಮಾನದ ಪೆಟ್ಟಿಗೆ ತನ್ನ ವೇಗಕ್ಕೆ ತಕ್ಕಂತೆ ತಾನೇ ತಿದ್ದಿ ಕಳುಹಿಸುತ್ತದೆ. ಆದರೆ ಹಾಗೆ ತಿದ್ದುವಾಗ ಉಪಗ್ರಹ ನಿಶ್ಚಲವಾಗಿದೆ, ವಿಮಾನ ಏರಿಳಿಯುತ್ತಿಲ್ಲ ಎಂದು ಅದು ಭಾವಿಸುತ್ತದೆ. ಎರಡೂ ಪೂರ್ತಿ ನಿಜವಲ್ಲ. ಆ ಉಪಗ್ರಹ ಹಳೆಯದಾಗಿ ಸಮಭಾಜಕವೃತ್ತದ ಉತ್ತರಕ್ಕೂ ದಕ್ಷಿಣಕ್ಕೂ ದಿನಾ ತೂಗಾಡುತ್ತಿತ್ತು. ಇದರಿಂದ ತಿದ್ದುಪಡಿಯಲ್ಲಿ ಕೆಲವು ಹರ್ಟ್ಸ್ ಉಳಿದುಬಿಡುತ್ತವೆ, ಉತ್ತರಕ್ಕೆ ಹೋದರೆ ಒಂದು ಬಗೆ, ದಕ್ಷಿಣಕ್ಕೆ ಹೋದರೆ ಇನ್ನೊಂದು ಬಗೆ. 1.6 ಗಿಗಾಹರ್ಟ್ಸ್ ತರಂಗದಲ್ಲಿ ಒಂದು ಹರ್ಟ್ಸ್ ಎಂದರೆ ಸೆಕೆಂಡಿಗೆ 19 ಸೆಂ.ಮೀ. ವೇಗ. ದಾಖಲೆ ದಕ್ಷಿಣದ ಲೆಕ್ಕಕ್ಕೆ ಹೊಂದಿತು, ಉತ್ತರಕ್ಕೆ ಹೊಂದಲಿಲ್ಲ. ಉಪಗ್ರಹ ಅಲುಗಾಡದೆ ನಿಂತಿದ್ದರೆ ಈ ಪ್ರಶ್ನೆಗೆ ಉತ್ತರವೇ ಸಿಗುತ್ತಿರಲಿಲ್ಲ.

ಏಳನೆಯ ಕಮಾನಿನ ಸಂದೇಶ ನಡುವಿನ ಐದರಂತಲ್ಲ. ಅದು ಕೇಂದ್ರದ ಪ್ರಶ್ನೆಗೆ ಕೊಟ್ಟ ಉತ್ತರವಲ್ಲ, ವಿಮಾನವೇ ಹೊಸದಾಗಿ ಸಂಪರ್ಕ ಕೋರಿದ್ದು. ವಿದ್ಯುತ್ ಹೋಗಿ ಬಂದಾಗ ಪೆಟ್ಟಿಗೆ ಹೀಗೆ ಮಾಡುತ್ತದೆ. ಏರುವಾಗ ವಿಮಾನದಲ್ಲಿ ಸುಮಾರು 49 ಟನ್ ಇಂಧನವಿತ್ತು, ಏಳೂವರೆ ಗಂಟೆಯ ಹಾರಾಟಕ್ಕೆ ಸಾಲುವಷ್ಟು. 8.19ಕ್ಕೆ ಹಾರಾಟ 7 ಗಂಟೆ 37 ನಿಮಿಷ ಆಗಿತ್ತು. ಎಂಜಿನ್‌ಗಳು ಒಂದಾದ ಮೇಲೊಂದು ನಿಂತವು, ಅವುಗಳ ಜನರೇಟರ್‌ಗಳೂ ನಿಂತವು. ಬಾಲದಲ್ಲಿರುವ ಸಣ್ಣ ಸಹಾಯಕ ಎಂಜಿನ್ ಟ್ಯಾಂಕಿನ ತಳದಲ್ಲುಳಿದ ಇಂಧನದಿಂದ ತಾನಾಗಿ ಚಾಲೂ ಆಯಿತು, ಕೆಲವೇ ನಿಮಿಷದಲ್ಲಿ ಪೆಟ್ಟಿಗೆ ಎಚ್ಚೆತ್ತು ಸಂಪರ್ಕ ಕೋರಿತು. ಎಂಟು ಸೆಕೆಂಡುಗಳ ಅಂತರದ ಎರಡು ಕೊನೆಯ ಸಂದೇಶಗಳ ಆವರ್ತನ ತೀವ್ರವಾಗಿ ಕುಸಿದಿದೆ: ವಿಮಾನ ವೇಗವಾಗಿ, ಇನ್ನೂ ಹೆಚ್ಚುತ್ತಿದ್ದ ವೇಗದಲ್ಲಿ ಕೆಳಗಿಳಿಯುತ್ತಿತ್ತು. ಸುಮಾರು ಒಂದೂವರೆ ನಿಮಿಷದ ಬಳಿಕ ಪ್ರಯಾಣಿಕರ ಮನರಂಜನಾ ವ್ಯವಸ್ಥೆಯೂ ಸಂಪರ್ಕಕ್ಕೆ ಬರಬೇಕಿತ್ತು. ಬರಲಿಲ್ಲ.

ಇಷ್ಟನ್ನು ನಂಬಬಹುದು. ಕಮಾನಿನ ಉದ್ದಕ್ಕೂ ಯಾವ ಬಿಂದು ಎಂಬುದು ಮಾತ್ರ ವೇಗ, ದಿಕ್ಕು, ತಿರುವಿನ ಸಮಯಗಳ ಊಹೆಯನ್ನು ಅವಲಂಬಿಸಿದೆ. ನಕ್ಷೆಯಲ್ಲಿ ಒಂದೇ ಚುಕ್ಕಿ ಇಟ್ಟು ‘ಇಲ್ಲೇ ಇದೆ’ ಎನ್ನುವವರನ್ನು ಅಲ್ಲಿ ಪ್ರಶ್ನಿಸಬೇಕು.

ವಿಮಾನದಲ್ಲಿ ಮ್ಯಾಂಗೋಸ್ಟೀನ್ ಹಣ್ಣೂ ಲಿಥಿಯಂ ಬ್ಯಾಟರಿಗಳೂ ಒಟ್ಟಿಗಿದ್ದವಂತೆ. ಹಣ್ಣಿನ ರಸ ಸೋರಿ ಬೆಂಕಿ ಹತ್ತಿರಬಹುದೆ? ನಮ್ಮ ತೋಟದಲ್ಲೂ ಈ ಹಣ್ಣು ಬೆಳೆಯುತ್ತೇವೆ.
*ಕಾಫಿ ಬೆಳೆಗಾರರು, ಚೆಟ್ಟಳ್ಳಿ*

ಸರಕಿನಲ್ಲಿ ಸುಮಾರು ನಾಲ್ಕೂವರೆ ಟನ್ ಮ್ಯಾಂಗೋಸ್ಟೀನ್, 221 ಕೆ.ಜಿ. ಲಿಥಿಯಂ ಅಯಾನ್ ಬ್ಯಾಟರಿ ಇದ್ದದ್ದು ನಿಜ. ಈ ಸಂಶಯ ತನಿಖೆಯಲ್ಲೂ ಬಂತು, ರಸವನ್ನೂ ಬ್ಯಾಟರಿಯನ್ನೂ ಸೇರಿಸಿ ಪರೀಕ್ಷೆ ಮಾಡಿದರು, ಬೆಂಕಿಯ ಸಾಧ್ಯತೆ ಕಾಣಲಿಲ್ಲ. ಪರೀಕ್ಷೆ ಇಲ್ಲದೆಯೂ ಒಂದು ಮಾತು ಹೇಳಬಹುದು. ಸಂಪರ್ಕ ಸಾಧನಗಳನ್ನೆಲ್ಲ ಸುಡುವಷ್ಟು ಜೋರಾದ ಬೆಂಕಿ ವಿಮಾನವನ್ನು ಇನ್ನೂ ಏಳು ಗಂಟೆ ಹಾರಲು ಬಿಡುವುದಿಲ್ಲ, ನಡುವೆ ಉಪಗ್ರಹ ಪೆಟ್ಟಿಗೆಯನ್ನು ಮತ್ತೆ ಚಾಲೂ ಆಗಲೂ ಬಿಡುವುದಿಲ್ಲ. ಬ್ಯಾಟರಿಯ ಅಪಾಯ ಬೇರೆ ಕಡೆ ನಿಜವೇ. ಪವರ್ ಬ್ಯಾಂಕನ್ನು ಚೆಕ್-ಇನ್ ಬ್ಯಾಗಿನಲ್ಲಿ ಇಡಬಾರದು, ಕೈಚೀಲದಲ್ಲೇ ಇರಬೇಕು ಎಂಬ ನಿಯಮ ಬಂದದ್ದು ಅದಕ್ಕೇ.

ಕಾಣೆಯಾದವರ ಮೊಬೈಲ್‌ಗೆ ಕರೆ ಮಾಡಿದಾಗ ರಿಂಗ್ ಆಗುತ್ತಿತ್ತಂತೆ. ಅಂದರೆ ಫೋನ್ ಆನ್ ಇತ್ತು ಎಂದಲ್ಲವೆ?
*ಗೃಹಿಣಿ, ಸುಂಟಿಕೊಪ್ಪ*

ಅಲ್ಲ. ನೀವು ಕೇಳುವ ರಿಂಗ್ ನಿಮ್ಮ ಕಡೆಯ ನೆಟ್‌ವರ್ಕ್ ಹಾಕುವ ಸದ್ದು. ಆಚೆಯ ಫೋನ್ ಹುಡುಕುತ್ತಿರುವಾಗಲೂ, ಅದರಲ್ಲೂ ಬೇರೆ ದೇಶದ ಕರೆಯಲ್ಲಿ, ಅದು ಕೇಳಿಸುತ್ತದೆ. ಆದರೆ ಮೊಬೈಲ್‌ನ ಒಂದು ಗಟ್ಟಿ ದಾಖಲೆ ಇದೆ: 1.52ಕ್ಕೆ ಪೆನಾಂಗ್‌ನ ಒಂದು ಟವರ್ ಸಹಪೈಲಟ್‌ನ ಫೋನನ್ನು ಕ್ಷಣಕಾಲ ಗುರುತಿಸಿತ್ತು. ಕರೆ ಆಗಿಲ್ಲ, ಗುರುತು ಮಾತ್ರ. ವಿಮಾನ ಆ ಹೊತ್ತಿಗೆ ಅಲ್ಲಿ ಹಾಯ್ದಿತ್ತೆಂಬ ರೇಡಾರ್ ಲೆಕ್ಕಕ್ಕೆ ಇದು ಹೊಂದುತ್ತದೆ.

ಆಫ್ರಿಕಾದ ಕಡೆ ಸಿಕ್ಕ ತುಂಡುಗಳು ಅದೇ ವಿಮಾನದ್ದು ಎಂಬುದಕ್ಕೆ ಏನು ಖಾತರಿ? ಅಲೆಯ ದಾರಿಯನ್ನು ಹಿಂದಕ್ಕೆ ಎಣಿಸಿದರೆ ಬಿದ್ದ ಜಾಗ ಸಿಗಬೇಕಲ್ಲ?
*ನಿವೃತ್ತ ಶಿಕ್ಷಕರು, ಸೋಮವಾರಪೇಟೆ*

2015ರ ಜುಲೈ 29ರಂದು ರೀಯೂನಿಯನ್ ದ್ವೀಪದ ದಡದಲ್ಲಿ ಸಿಕ್ಕದ್ದು ಬಲರೆಕ್ಕೆಯ ಫ್ಲಾಪೆರಾನ್, ರೆಕ್ಕೆಯ ಹಿಂದಂಚಿನಲ್ಲಿ ಮೇಲೆ ಕೆಳಗೆ ಆಡುವ ಹಲಗೆ. ಹೊರಗಿನ ಗುರುತುಪಟ್ಟಿ ಕಳಚಿಹೋಗಿತ್ತು. ಒಳಗೆ ಸಣ್ಣ ಕ್ಯಾಮೆರಾ ತೂರಿಸಿ ನೋಡಿದಾಗ ಸಿಕ್ಕ ಸಂಖ್ಯೆ ಅದನ್ನು ತಯಾರಿಸಿದ ಸ್ಪೇನ್ ಕಾರ್ಖಾನೆಯ ದಾಖಲೆಗೆ ಹೊಂದಿತು. ಅಲ್ಲಿಗೆ ಸಂಶಯ ತೀರಿತು. ಬಳಿಕ ತಾಂಜಾನಿಯಾದ ಪೆಂಬಾ ದ್ವೀಪದಲ್ಲಿ ಸಿಕ್ಕ ಬಲ ಹೊರ ಫ್ಲ್ಯಾಪ್‌ನ (ಇಳಿಯುವಾಗ ರೆಕ್ಕೆಯಿಂದ ಹೊರಚಾಚುವ ಹಲಗೆ) ಭಾಗ, ಮಾರಿಷಸ್‌ನಲ್ಲಿ ಸಿಕ್ಕ ಎಡ ಫ್ಲ್ಯಾಪ್‌ನ ಅಂಚು ಇವೂ ಖಚಿತವಾದವು. ಮೊಜಾಂಬಿಕ್, ಮಡಗಾಸ್ಕರ್, ದಕ್ಷಿಣ ಆಫ್ರಿಕಾಗಳಲ್ಲಿ ಸಿಕ್ಕ ಇನ್ನೂ ಹಲವು ತುಂಡುಗಳು ಬಹುತೇಕ ಅದರವೇ.

ಪೆಂಬಾದ ತುಂಡು ಹೆಚ್ಚು ಮಾತಾಡುತ್ತದೆ. ಅದರ ಒಳಗಿನ ಗಾಯದ ಗುರುತು ಪಕ್ಕದ ಫ್ಲಾಪೆರಾನ್‌ನ ಗಾಯಕ್ಕೆ ಸರಿಹೊಂದಿಸಿ ನೋಡಿದಾಗ, ಒಡೆಯುವ ಹೊತ್ತಿಗೆ ಫ್ಲ್ಯಾಪ್ ಹೊರಚಾಚಿರಲಿಲ್ಲ ಎಂಬ ತೀರ್ಮಾನಕ್ಕೆ ಆಸ್ಟ್ರೇಲಿಯಾದ ತಜ್ಞರು ಬಂದರು. ಪೈಲಟ್ ವಿಮಾನವನ್ನು ನೀರಿನ ಮೇಲೆ ಮೆಲ್ಲಗೆ ಇಳಿಸಲು ಹೊರಟರೆ ಫ್ಲ್ಯಾಪ್ ಚಾಚುತ್ತಾನೆ. ಇಲ್ಲಿ ಹಾಗಾದಂತೆ ತೋರುವುದಿಲ್ಲ.

ಹಿಂದಕ್ಕೆ ಎಣಿಸುವುದು ಹೇಳಿದಷ್ಟು ಸುಲಭವಲ್ಲ. ಹದಿನಾರು ತಿಂಗಳಲ್ಲಿ ದಿನಕ್ಕೆ ಒಂದೆರಡು ಕಿ.ಮೀ. ತಪ್ಪಿದರೂ ಕೊನೆಗೆ ಸಾವಿರ ಕಿ.ಮೀ.ವರೆಗೂ ತಪ್ಪುತ್ತದೆ. ಪ್ರವಾಹ ಮಾತ್ರವಲ್ಲ, ನೀರಿನಿಂದ ಮೇಲಿರುವ ಭಾಗಕ್ಕೆ ಗಾಳಿಯೂ ತಳ್ಳು ಕೊಡುತ್ತದೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆ ಬೇರೆ 777ರ ನಿಜವಾದ ಫ್ಲಾಪೆರಾನ್ ತಂದು, ರೀಯೂನಿಯನ್ ತುಂಡಿನ ಆಕಾರಕ್ಕೇ ಕತ್ತರಿಸಿ, ಸಮುದ್ರದಲ್ಲಿ ತೇಲಿಬಿಟ್ಟು ನೋಡಿತು. ಗಾಳಿಯ ದಿಕ್ಕಿಗೆ ನೇರವಾಗಿ ಹೋಗದೆ ಅದು ಎಡಕ್ಕೆ ಓರೆಯಾಗಿ ಸಾಗಿತು. ಆ ಗುಣವನ್ನು ಸೇರಿಸಿದಾಗ ರೀಯೂನಿಯನ್ ತಲುಪಿದ ದಿನಾಂಕ ಸರಿಬಂತು. ಆಸ್ಟ್ರೇಲಿಯಾದ ದಡಕ್ಕೆ ಒಂದು ತುಂಡೂ ಬಾರದಿದ್ದದ್ದು ಸಹ ಒಂದು ಸುಳಿವು. ಎಲ್ಲ ಸೇರಿಸಿ 35 ಡಿಗ್ರಿ ದಕ್ಷಿಣ ಅಕ್ಷಾಂಶದ ಆಸುಪಾಸಿನ ಕಡಲನ್ನು ಅವರು ಮುಂದಿಟ್ಟರು.

ಇಷ್ಟೆಲ್ಲ ಗೊತ್ತಿದ್ದೂ, ಇಷ್ಟು ಹಣ ಸುರಿದೂ ಯಾಕೆ ಸಿಗಲಿಲ್ಲ? ಹುಡುಕಿದ್ದು ಸರಿಯಾಗಿತ್ತೆ?
*ಕರಿಮೆಣಸು ವ್ಯಾಪಾರಿ, ನಾಪೋಕ್ಲು. ಇದೇ ಪ್ರಶ್ನೆ ಕುಶಾಲನಗರ, ಶನಿವಾರಸಂತೆಗಳಿಂದಲೂ*

ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿ.ಮೀ. ಆಸ್ಟ್ರೇಲಿಯಾದ ನೇತೃತ್ವದಲ್ಲಿ 2014ರ ಅಕ್ಟೋಬರ್‌ನಿಂದ 2017ರ ಜನವರಿ 17ರವರೆಗೆ ಸಮುದ್ರತಳದಲ್ಲಿ ಶೋಧಿಸಿದ್ದು 1,20,000 ಚದರ ಕಿ.ಮೀ., ಅಂದರೆ 29 ಕೊಡಗು. ಖರ್ಚು ಸುಮಾರು 20 ಕೋಟಿ ಆಸ್ಟ್ರೇಲಿಯನ್ ಡಾಲರ್. 2018ರಲ್ಲಿ ಓಷನ್ ಇನ್ಫಿನಿಟಿ ಕಂಪನಿ ‘ಸಿಕ್ಕರೆ ಮಾತ್ರ ಹಣ’ ಎಂಬ ಕರಾರಿನಲ್ಲಿ ಇನ್ನೂ 1,12,000 ಚದರ ಕಿ.ಮೀ. ನೋಡಿತು. ಅದು ಮತ್ತೆ 27 ಕೊಡಗು. ಇಷ್ಟನ್ನೂ ನೋಡಿದ್ದು ಬೆಳಕೇ ತಲುಪದ, ಕೆಲವೆಡೆ 6,000 ಮೀಟರ್ ಆಳದ ತಳದಲ್ಲಿ. ಅಲ್ಲಿ ಕಣಿವೆ, ಕಡಿದಾದ ಬೆಟ್ಟ, ಹಳೆಯ ಜ್ವಾಲಾಮುಖಿಗಳಿವೆ. ಕೆಲಸ ಶುರುವಾಗುವ ಮೊದಲು ಅದರ ಸರಿಯಾದ ನಕ್ಷೆಯೇ ಇರಲಿಲ್ಲ. ಹಡಗಿನಿಂದ ಸೋನಾರ್ (ಶಬ್ದದ ಅಲೆಯಿಂದ ತಳ ನೋಡುವ ಸಾಧನ) ಹಾಯಿಸಿ ಮೊದಲು ನಕ್ಷೆ ಮಾಡಬೇಕಾಯಿತು.

ಮೊದಲ ಶೋಧದ ಮುಖ್ಯ ಸಾಧನ ಹಡಗು ಎಳೆಯುವ ಸೋನಾರ್. ಹತ್ತು ಕಿ.ಮೀ.ವರೆಗಿನ ಉಕ್ಕಿನ ಕೇಬಲ್ಲಿನ ತುದಿಯಲ್ಲಿ, ತಳದಿಂದ ನೂರಿನ್ನೂರು ಮೀಟರ್ ಮೇಲೆ, ಮೀನಿನಾಕಾರದ ಸಾಧನ ಮೆಲ್ಲಗೆ ಸಾಗುತ್ತಾ ಎರಡೂ ಬದಿಗೆ ಶಬ್ದದ ಅಲೆ ಬಿಡುತ್ತದೆ. ಮುಂದೆ ಬೆಟ್ಟ ಕಂಡರೆ ಕೇಬಲ್ ಸುತ್ತಿ ಮೇಲೆತ್ತಬೇಕು. ಎತ್ತಿದಷ್ಟೂ ಚಿತ್ರ ಮಸುಕು. ಬೆಟ್ಟದ ಆಚೆ ಬದಿಗೆ ಶಬ್ದ ತಲುಪುವುದಿಲ್ಲ, ಅಲ್ಲಿ ನೆರಳು ಬೀಳುತ್ತದೆ. ಅಂಥ ನೆರಳಿನ ಜಾಗಗಳನ್ನು ಪಟ್ಟಿ ಮಾಡಿ ಆಮೇಲೆ ಬೇರೆ ಸಾಧನದಿಂದ ನೋಡಬೇಕು. ಪರ್ತ್‌ನಿಂದ ಆ ಜಾಗಕ್ಕೆ ಹಡಗು ತಲುಪಲು ಆರು ದಿನದವರೆಗೆ ಬೇಕು, ಚಳಿಗಾಲದ ಅಲೆಗಳಲ್ಲಿ ಕೆಲಸವೇ ನಿಲ್ಲುತ್ತದೆ. ಹುಡುಕುವಾಗ ಶತಮಾನ ಹಿಂದಿನ ಮುಳುಗಿದ ಹಡಗುಗಳು ಸಿಕ್ಕವು. ಸೋನಾರ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಹೀಗಾಗಿ ಉಳಿದಿರುವುದು ಮೂರು ಸಾಧ್ಯತೆ. ಕಮಾನಿನ ಮೇಲೇ ಹುಡುಕದ ಅಕ್ಷಾಂಶದಲ್ಲಿರಬಹುದು. ಇಂಧನ ಮುಗಿದ ಮೇಲೆ ಕಮಾನಿನಿಂದ ನಿರೀಕ್ಷೆಗಿಂತ ದೂರ ತೇಲಿ ಬಿದ್ದಿರಬಹುದು. ಅಥವಾ ಹುಡುಕಿದ ಜಾಗದ ನೆರಳಿನಲ್ಲೇ ಇದ್ದು ಕಣ್ತಪ್ಪಿರಬಹುದು. ಮೂರನೆಯದನ್ನು ಹಗುರವಾಗಿ ತಳ್ಳಿಹಾಕಬೇಡಿ. 2009ರ ಜೂನ್ 1ರಂದು ಅಟ್ಲಾಂಟಿಕ್‌ನಲ್ಲಿ 228 ಜನರೊಂದಿಗೆ ಬಿದ್ದ ಏರ್ ಫ್ರಾನ್ಸ್ 447ರ ಕೊನೆಯ ಸ್ಥಾನ ಗೊತ್ತಿತ್ತು, ಕೆಲವೇ ದಿನದಲ್ಲಿ ತೇಲುವ ಅವಶೇಷವೂ ಸಿಕ್ಕಿತು. ಆದರೂ ಮುಖ್ಯ ಭಾಗ ಸಿಗಲು 2011ರ ಏಪ್ರಿಲ್ ಬರಬೇಕಾಯಿತು. ಅದಿದ್ದದ್ದು ಕೊನೆಯ ಸ್ಥಾನದಿಂದ ಬರೀ ಆರೂವರೆ ನಾಟಿಕಲ್ ಮೈಲಿ ದೂರದಲ್ಲಿ, ಮೊದಲ ತಿಂಗಳಲ್ಲೇ ಕಪ್ಪು ಪೆಟ್ಟಿಗೆಯ ಬೀಕನ್ (ನೀರಿನೊಳಗೆ ಸದ್ದು ಮಾಡುವ ಸುಳಿವು ಸಾಧನ) ಶಬ್ದ ಆಲಿಸಿ ‘ಇಲ್ಲಿಲ್ಲ’ ಎಂದು ಬಿಟ್ಟಿದ್ದ ಪ್ರದೇಶದಲ್ಲಿ. ಬೀಕನ್ ಕೆಟ್ಟಿತ್ತು, ಕೇಳಿಸದ್ದನ್ನು ಇಲ್ಲವೆಂದು ಓದಿದರು.

2025ರ ಮಾರ್ಚ್‌ನಲ್ಲಿ ಮಲೇಷ್ಯಾ ಸರ್ಕಾರ ಅದೇ ಕಂಪನಿಗೆ 15,000 ಚದರ ಕಿ.ಮೀ. ಹೊಸ ಪ್ರದೇಶಕ್ಕೆ ಒಪ್ಪಿಗೆ ಕೊಟ್ಟಿತು, ಸಿಕ್ಕರೆ 7 ಕೋಟಿ ಅಮೆರಿಕನ್ ಡಾಲರ್. ಏಪ್ರಿಲ್‌ನಲ್ಲಿ ಹವಾಮಾನದಿಂದ ನಿಂತ ಕೆಲಸವನ್ನು ಡಿಸೆಂಬರ್ 30ರಿಂದ ಮುಂದುವರಿಸುವುದಾಗಿ ಪ್ರಕಟಿಸಿತು. ಈಗಿನ ಸಾಧನಗಳಿಗೆ ಕೇಬಲ್ ಇಲ್ಲ, ತಾವೇ ತಳದ ಏರಿಳಿತ ಅನುಸರಿಸಿ ಈಜುತ್ತವೆ. ಬೆಟ್ಟದ ನೆರಳಿನ ತೊಂದರೆ ಇದರಿಂದ ಬಹಳ ಕಡಿಮೆಯಾಗುತ್ತದೆ.

ನಮ್ಮ ವಾಯುಪಡೆಯ ಎಎನ್-32 ಬಂಗಾಳ ಕೊಲ್ಲಿಯಲ್ಲಿ ಕಾಣೆಯಾಗಿತ್ತಲ್ಲ, ಅದರ ಕಥೆ ಏನಾಯಿತು?
*ಮಾಜಿ ಸೈನಿಕರು, ಪೊನ್ನಂಪೇಟೆ*

2016ರ ಜುಲೈ 22ರಂದು ಚೆನ್ನೈ ಬಳಿಯ ತಾಂಬರಂನಿಂದ ಪೋರ್ಟ್‌ಬ್ಲೇರ್‌ಗೆ ಹೊರಟಿದ್ದ ಆ ವಿಮಾನದಲ್ಲಿ 29 ಮಂದಿ ಇದ್ದರು. ನೌಕಾಪಡೆ, ಕರಾವಳಿ ರಕ್ಷಣಾ ಪಡೆ, ವಾಯುಪಡೆಗಳ ದೊಡ್ಡ ಶೋಧದಲ್ಲೂ ಏನೂ ಸಿಗಲಿಲ್ಲ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸ್ವಯಂಚಾಲಿತ ಜಲಾಂತರ್ವಾಹನ ಚೆನ್ನೈ ತೀರದಿಂದ ಸುಮಾರು 310 ಕಿ.ಮೀ. ದೂರದಲ್ಲಿ, 3,400 ಮೀಟರ್ ಆಳದಲ್ಲಿ ತೆಗೆದ ಚಿತ್ರಗಳು ಎಎನ್-32ರ ಅವಶೇಷಕ್ಕೆ ಹೊಂದಿದವು. 2024ರ ಜನವರಿಯಲ್ಲಿ ರಕ್ಷಣಾ ಸಚಿವಾಲಯ ಇದನ್ನು ಪ್ರಕಟಿಸಿತು. ಏಳೂವರೆ ವರ್ಷದ ಮೇಲೆ ಸಿಕ್ಕಿತು. ಎಂಎಚ್ 370 ಸಿಗುವುದೇ ಇಲ್ಲ ಎನ್ನುವವರಿಗೆ ಇದನ್ನು ತೋರಿಸಿ.

ಮಡಿಕೇರಿಯ ವೃತ್ತಕ್ಕೆ ಹೆಸರಿಟ್ಟಿರುವ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನೂ ಮೊದಲು ‘ಕಾಣೆ’ ಎಂದೇ ಬರೆದಿದ್ದರು. ಕಾಣೆಯಾದವರನ್ನು ಕಾನೂನು ಯಾವಾಗ ಮೃತರೆಂದು ಒಪ್ಪುತ್ತದೆ? ಮನೆಯವರು ಏನು ಮಾಡಬೇಕು?
*ವಕೀಲಿ ವಿದ್ಯಾರ್ಥಿನಿ, ವಿರಾಜಪೇಟೆ*

ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ದಾಳಿಗೆ ಮಿಸ್ಟಿಯರ್ ವಿಮಾನದಲ್ಲಿ ಹೋದವರು, ಮರಳಲಿಲ್ಲ. ಅವರು ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿದ್ದರು ಎಂಬುದು ಆಚೆ ಕಡೆಯ ವಿವರ ಹೊರಬಂದ ಬಳಿಕ ತಿಳಿಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ಮೇಲೆ. ಅಷ್ಟು ಕಾಲ ಆ ಮನೆ ಏನನ್ನು ಹೊತ್ತಿತ್ತೆಂಬುದನ್ನು ಕೊಡಗಿನವರಿಗೆ ವಿವರಿಸಬೇಕಿಲ್ಲ.

ಕಾನೂನಿನ ಮಾತು. ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ವ್ಯಕ್ತಿ ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. ಹಳೆಯ ಸಾಕ್ಷ್ಯ ಅಧಿನಿಯಮದ 108ನೇ ಕಲಂ ಇದನ್ನು ಹೇಳುತ್ತಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಂ. ಇದರಿಂದ ಸಾವಿನ ಊಹೆ ಸಿಗುತ್ತದೆ, ಸಾವಿನ ದಿನಾಂಕ ಸಿಗುವುದಿಲ್ಲ. ವಿಮೆ, ಪಿಂಚಣಿಗಳಲ್ಲಿ ಜಗಳ ಬರುವುದು ಇಲ್ಲೇ. ಹಾಗಾಗಿ ಪಾಲಿಸಿಯ ಕಂತು ನಿಲ್ಲಿಸಬೇಡಿ, ಪೊಲೀಸ್ ಠಾಣೆಯಲ್ಲಿ ಕಾಣೆ ದೂರು ಕೊಟ್ಟು ಅದರ ಪ್ರತಿ, ‘ಪತ್ತೆಯಾಗಿಲ್ಲ’ ಎಂಬ ವರದಿ ಎರಡನ್ನೂ ಜೋಪಾನವಾಗಿಡಿ, ಏಳು ವರ್ಷದ ಮೇಲೆ ಸಿವಿಲ್ ನ್ಯಾಯಾಲಯದಿಂದ ಘೋಷಣೆ ಪಡೆಯಿರಿ.

ವಿಮಾನ ಅಪಘಾತದಲ್ಲಿ ಸರ್ಕಾರವೇ ಘೋಷಿಸಿದರೆ ಅಷ್ಟು ಕಾಯಬೇಕಿಲ್ಲ. ಎಂಎಚ್ 370 ಅಪಘಾತಕ್ಕೀಡಾಗಿದೆ, ಅದರಲ್ಲಿದ್ದವರು ಮೃತರೆಂದು ಭಾವಿಸಲಾಗಿದೆ ಎಂದು ಮಲೇಷ್ಯಾ 2015ರ ಜನವರಿ 29ರಂದೇ ಪ್ರಕಟಿಸಿತು. ಆದರೆ ಅಂತರರಾಷ್ಟ್ರೀಯ ಪ್ರಯಾಣದ ಪರಿಹಾರಕ್ಕೆ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ, ದಾವೆಗೆ ಎರಡೇ ವರ್ಷದ ಗಡುವು. ವಿಮಾನ ತಲುಪಬೇಕಿದ್ದ ದಿನದಿಂದ ಎಣಿಕೆ. ‘ಪತ್ತೆಯಾಗಲಿ, ಆಮೇಲೆ ನೋಡೋಣ’ ಎಂದು ಕುಳಿತರೆ ಹಕ್ಕೇ ಹೋಗುತ್ತದೆ. ಒಂದು ಮಿತಿಯವರೆಗೆ ಕಂಪನಿಯ ತಪ್ಪನ್ನು ಸಾಬೀತು ಮಾಡಬೇಕಿಲ್ಲ. ಒಪ್ಪಂದದಲ್ಲಿ ಆ ಮಿತಿ 2024ರ ಡಿಸೆಂಬರ್ 28ರಿಂದ ತಲಾ 1,51,880 ಎಸ್‌ಡಿಆರ್. ಅದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕಮಾನ. ಮುಂಗಡ ಹಣ ಕೊಡುವಾಗ ‘ಇನ್ನು ಯಾವ ಹಕ್ಕೂ ಇಲ್ಲ’ ಎಂಬ ಕಾಗದಕ್ಕೆ ಸಹಿ ಕೇಳಿದರೆ ವಕೀಲರಿಗೆ ತೋರಿಸದೆ ಹಾಕಬೇಡಿ.

ಪೈಲಟ್ಟೇ ಮಾಡಿದ್ದು ಎಂದು ಎಲ್ಲೆಡೆ ಓದುತ್ತೇವೆ. ನಿಜವೆ?
*ಬ್ಯಾಂಕ್ ಉದ್ಯೋಗಿ, ಕುಶಾಲನಗರ*

2018ರ ಜುಲೈ 30ರ ತನಿಖೆಯ ಅಂತಿಮ ವರದಿ, ಹಿಂದಕ್ಕೆ ತಿರುಗಿದ್ದು ಕೈಯಿಂದ ನಡೆಸಿದ ತಿರುವು ಎಂದಿತು. ಯಾರ ಕೈ ಎಂದು ಹೇಳಲಿಲ್ಲ, ಮೂರನೆಯವರ ಹಸ್ತಕ್ಷೇಪವನ್ನೂ ತಳ್ಳಿಹಾಕಲಿಲ್ಲ, ಕಾರಣ ನಿರ್ಧರಿಸಲಾಗದು ಎಂದು ನಿಲ್ಲಿಸಿತು. ಕ್ಯಾಪ್ಟನ್ ಮನೆಯ ಸಿಮ್ಯುಲೇಟರ್‌ನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿಂದುಗಳು ಸಿಕ್ಕದ್ದು ನಿಜ, ಅದು ಅನುಮಾನಕ್ಕೆ ಕಾರಣವೂ ಹೌದು. ತೀರ್ಪಿಗೆ ಅದು ಸಾಲದು. ಉತ್ತರ ಹೇಳಲು ಬದುಕಿಲ್ಲದವರ ಮೇಲೆ ಕೊಲೆಯ ಆರೋಪ ಹೊರಿಸಲು ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕು.

ಮಗ ಗಲ್ಫ್‌ಗೆ ಹೋಗಿಬರುತ್ತಿರುತ್ತಾನೆ. ಈಗಲೂ ಹೀಗೆ ವಿಮಾನ ಕಾಣೆಯಾಗಬಹುದೆ?
*ತಾಯಿ, ಸಿದ್ದಾಪುರ*

ಸಾಧ್ಯತೆ ಬಹಳ ಕಡಿಮೆಯಾಗಿದೆಯಮ್ಮ. 2018ರ ನವೆಂಬರ್‌ನಿಂದ ಸಾಗರದ ಮೇಲೆ ಹಾರುವ ದೊಡ್ಡ ವಿಮಾನಗಳ ಸ್ಥಾನ ಕನಿಷ್ಠ 15 ನಿಮಿಷಕ್ಕೊಮ್ಮೆ ಕಂಪನಿಗೆ ತಿಳಿಯುತ್ತಿರಬೇಕು. ಹೊಸ ದೊಡ್ಡ ವಿಮಾನಗಳು ಅಪಾಯಕ್ಕೆ ಸಿಕ್ಕರೆ ನಿಮಿಷಕ್ಕೊಮ್ಮೆ ತಾವಾಗಿ ಸ್ಥಾನ ಸಾರುವ ಸಾಧನ ಹೊಂದಿರಬೇಕು, ಅದನ್ನು ಒಳಗಿನವರು ಸುಲಭವಾಗಿ ಆರಿಸಲು ಬಾರದು. ಟ್ರಾನ್ಸ್‌ಪಾಂಡರ್ ಸಂದೇಶವನ್ನು 2019ರಿಂದ ಇರಿಡಿಯಂ ಉಪಗ್ರಹಗಳೂ ಹಿಡಿಯುತ್ತಿವೆ. ಮಗನ ಟಿಕೆಟ್‌ನ ಪ್ರತಿ, ವಿಮಾನದ ಸಂಖ್ಯೆ ಮನೆಯಲ್ಲಿರಲಿ. ವಿಮೆಗೆ, ಬ್ಯಾಂಕ್ ಖಾತೆಗೆ ನಾಮಿನಿ ಹೆಸರು ಸರಿಯಾಗಿದೆಯೇ ಒಮ್ಮೆ ನೋಡಿಬಿಡಿ.

ಇಷ್ಟು ವರ್ಷ ಉಪ್ಪುನೀರಿನಲ್ಲಿದ್ದ ಕಪ್ಪು ಪೆಟ್ಟಿಗೆ ಸಿಕ್ಕರೂ ಏನು ಉಪಯೋಗ?
*ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ವಿದ್ಯಾರ್ಥಿ, ಕುಶಾಲನಗರ*

ಅದರ ಬಣ್ಣ ಕಿತ್ತಳೆ, ಮತ್ತು ಅವು ಎರಡು: ಒಂದು ಹಾರಾಟದ ದಾಖಲೆಗೆ, ಇನ್ನೊಂದು ಕಾಕ್‌ಪಿಟ್ ಧ್ವನಿಗೆ. ಎರಡಕ್ಕೂ 37.5 ಕಿಲೊಹರ್ಟ್ಸ್ ಶಬ್ದ ಮಾಡುವ ಬೀಕನ್ ಇತ್ತು, ಆಯುಷ್ಯ 30 ದಿನ. ಹಾರಾಟ ದಾಖಲೆ ಪೆಟ್ಟಿಗೆಯ ಬೀಕನ್ ಬ್ಯಾಟರಿಯ ಅವಧಿ 2012ರ ಡಿಸೆಂಬರ್‌ನಲ್ಲೇ ಮುಗಿದಿತ್ತು, ಬದಲಿಸಿರಲಿಲ್ಲ. ಈಗ 90 ದಿನದ ಬೀಕನ್ ಕಡ್ಡಾಯ. ಆ ಶಬ್ದ ಎಂದೋ ನಿಂತಿದೆ. ಆದರೆ ಸ್ಮೃತಿ ಚಿಪ್‌ಗಳಿಗೆ ವಿದ್ಯುತ್ ಬೇಕಿಲ್ಲ, ಅವು ಉಕ್ಕಿನ ದಪ್ಪ ಕವಚದೊಳಗಿವೆ. ಏರ್ ಫ್ರಾನ್ಸ್ ಪೆಟ್ಟಿಗೆಗಳು 3,900 ಮೀಟರ್ ಆಳದಲ್ಲಿ ಸುಮಾರು ಎರಡು ವರ್ಷ ಇದ್ದು ಪೂರ್ತಿ ಓದಲು ಬಂದವು.

ಮೇಲೆತ್ತಿದ ಕೂಡಲೇ ಒಣಗಿಸಬಾರದು. ಗಾಳಿ ತಾಗಿದರೆ ಉಪ್ಪು ಹರಳುಗಟ್ಟಿ ತುಕ್ಕು ಓಡುತ್ತದೆ. ಶುದ್ಧ ನೀರಿನಲ್ಲಿ ಮುಳುಗಿಸಿಟ್ಟೇ ಪ್ರಯೋಗಾಲಯಕ್ಕೆ ತರುತ್ತಾರೆ, ಅಲ್ಲಿ ಕವಚ ಬಿಚ್ಚಿ, ತೊಳೆದು, ಚಿಪ್‌ಗಳನ್ನು ನಿಧಾನಕ್ಕೆ ಒಣಗಿಸಿ, ಸಂಪರ್ಕದ ಕಾಲುಗಳನ್ನು ಒಂದೊಂದಾಗಿ ಪರೀಕ್ಷಿಸಿದ ಮೇಲೆಯೇ ವಿದ್ಯುತ್ ಕೊಡುವುದು. ಚಿಪ್‌ಗಳು ಉಳಿದಿದ್ದರೂ ಒಂದು ಮಿತಿ ಇದೆ. ಆ ವಿಮಾನದ ಧ್ವನಿ ದಾಖಲೆ ಕೊನೆಯ ಎರಡು ಗಂಟೆಯದಷ್ಟೇ, ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ವಿದ್ಯುತ್ ಕೊನೆತನಕ ಇದ್ದಿದ್ದರೆ ಇಗಾರಿಯ ಬಳಿ ಕಾಕ್‌ಪಿಟ್‌ನಲ್ಲಿ ಆಡಿದ ಮಾತು ಅಳಿಸಿಹೋಗಿದೆ. ಹಾರಾಟ ದಾಖಲೆ ಪೆಟ್ಟಿಗೆ 25 ಗಂಟೆಯನ್ನು ಹಿಡಿದಿಡುತ್ತದೆ, ಇಡೀ ಪ್ರಯಾಣ ಅದರಲ್ಲಿರಬಹುದು: ಯಾವ ಸ್ವಿಚ್ ಯಾವ ಗಳಿಗೆಗೆ ಆರಿತು, ಕ್ಯಾಬಿನ್‌ನ ಗಾಳಿಯ ಒತ್ತಡ ಇಳಿಯಿತೆ, ಕೊನೆಯ ನಿಮಿಷದಲ್ಲಿ ಹಿಡಿಕೆಯ ಮೇಲೆ ಯಾರದಾದರೂ ಕೈ ಇತ್ತೆ. ಅದಕ್ಕೂ ವಿದ್ಯುತ್ ಕಡಿದಿದ್ದರೆ ದಾಖಲೆ ಅಲ್ಲಿಗೇ ನಿಂತಿರುತ್ತದೆ. ಹಾಗಾದರೂ ಕಡಿದ ನಿಮಿಷ ಯಾವುದೆಂದು ತಿಳಿಯುತ್ತದೆ, ತನಿಖೆ ಮುಂದೆ ಸಾಗಲು ಅದೇ ಬೇಕು.